ಲೆಕ್ಕ ಹಾಕಿ ಬಿದ್ದ ಬಸ್ಟರ್ ಕೀಟನ್

ಹುಡುಗನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆಯೊಂದನ್ನು ಹೊಲಿದಿದ್ದರು. ಅಪ್ಪ ಆ ಹಿಡಿಕೆಗೆ ಕೈಹಾಕಿ ಮಗನನ್ನು ಎತ್ತಿ ಎಸೆಯುತ್ತಿದ್ದ. ಒಂದು ದಿನ ಹಿಂದಿನ ಪರದೆಗೆ, ಇನ್ನೊಂದು ದಿನ ರಂಗದ ಮುಂದೆ ವಾದ್ಯದವರು ಕೂರುವ ತಗ್ಗಿಗೆ. ಹುಡುಗ ಎದ್ದು, ಬಟ್ಟೆ ಕೊಡವಿಕೊಂಡು, ಏನೂ ಆಗದವನ ಹಾಗೆ ಮತ್ತೆ ಅಪ್ಪನ ತಂಟೆಗೆ ಬರುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಡು, ಕುಣಿತ, ಜಾದೂ, ಪ್ರಹಸನ ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ ಅಮೆರಿಕದ ವಾಡೆವಿಲ್ ರಂಗಮಂದಿರಗಳಲ್ಲಿ 1900ರ ನಂತರದ ವರ್ಷಗಳಲ್ಲಿ ‘ತ್ರೀ ಕೀಟನ್ಸ್’ ಎಂಬ ಈ ಕುಟುಂಬದ ಆಟಕ್ಕೆ ಭಾರಿ ಬೇಡಿಕೆಯಿತ್ತು. ಎಷ್ಟು ಎಸೆದರೂ ಮುಕ್ಕಾಗದ ಹುಡುಗ ಎಂದೇ ಜಾಹೀರಾತು ಕೊಡುತ್ತಿದ್ದರು.

ನ್ಯೂಯಾರ್ಕಿನ ಮಕ್ಕಳ ರಕ್ಷಣಾ ಸಂಘದವರು ಸುಮ್ಮನಿರಲಿಲ್ಲ. ದೂರುಗಳು ಹೋದವು. ಅಧಿಕಾರಸ್ಥರು ಹುಡುಗನ ಅಂಗಿ ಬಿಚ್ಚಿಸಿ ಮೈಮೇಲೆ ಬಾಸುಂಡೆ, ಗಾಯ ಇವೆಯೇ ಎಂದು ತಡಕಿದ್ದೂ ಉಂಟು. ಸಿಗಲಿಲ್ಲ. ಮಕ್ಕಳು ತಂತಿಯ ಮೇಲೆ ನಡೆಯಬಾರದು, ಲಾಗ ಹಾಕಬಾರದು ಎಂದೆಲ್ಲ ಕಾನೂನಿನಲ್ಲಿ ಬರೆದಿತ್ತು, ಅಪ್ಪ ಮಗನನ್ನು ಎಸೆಯಬಾರದು ಎಂದು ಮಾತ್ರ ಬರೆದಿರಲಿಲ್ಲ ಎಂದು ಆ ಹುಡುಗ ದೊಡ್ಡವನಾದ ಮೇಲೆ ನೆನಪಿಸಿಕೊಳ್ಳುತ್ತಿದ್ದ.

ಅವನೇ ಬಸ್ಟರ್ ಕೀಟನ್. ಜೋಸೆಫ್ ಫ್ರಾಂಕ್ ಕೀಟನ್ ಎಂಬುದು ಹುಟ್ಟುಹೆಸರು. ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಪುಟ್ಟ ಊರಿನಲ್ಲಿ. ಅಪ್ಪ ಜೋ, ಅಮ್ಮ ಮೈರಾ ಊರೂರು ಅಲೆದು ಔಷಧಿ ಮಾರುವ ತಂಡಗಳಲ್ಲಿ ಆಟ ಆಡುತ್ತಿದ್ದವರು. ಪಿಕ್ವಾ ಅವರಿಗೆ ದಾರಿಯಲ್ಲಿ ಸಿಕ್ಕ ಒಂದು ಊರಷ್ಟೇ. ಮಗು ಮೆಟ್ಟಿಲಿನಿಂದ ಉರುಳಿಬಿದ್ದೂ ಅಳದೆ ಎದ್ದು ಕೂತಿತಂತೆ, ಅದನ್ನು ನೋಡಿದ ಜಾದೂಗಾರ ಹ್ಯಾರಿ ಹೂಡಿನಿ ‘ಬಸ್ಟರ್’ ಎಂದು ಹೆಸರಿಟ್ಟನಂತೆ. ಹೂಡಿನಿಯ ಜೊತೆ ಕೀಟನ್ ದಂಪತಿ ತಿರುಗಾಟ ಮಾಡಿದ್ದು ನಿಜ. ಹೆಸರಿನ ಕತೆಯನ್ನು ಮಾತ್ರ ಪ್ರಚಾರಪ್ರಿಯನಾದ ಜೋ ಊರಿಂದೂರಿಗೆ ಬೆಳೆಸುತ್ತ ಹೋದ. ಇಂಥ ಕತೆಗಳನ್ನು ಅರ್ಧ ನಂಬಿದರೆ ಸಾಕು.

ಪೂರ್ತಿ ನಂಬಬಹುದಾದದ್ದು ಆ ಹುಡುಗ ರಂಗದ ಮೇಲೆ ಕಲಿತ ಎರಡು ಪಾಠಗಳು. ಬೀಳುವಾಗ ಮೈಯನ್ನು ಬಿಗಿ ಮಾಡದೆ ಸಡಿಲ ಬಿಡಬೇಕು, ಕೈಯಿಂದಲೋ ಕಾಲಿನಿಂದಲೋ ಏಟಿನ ಬಿರುಸನ್ನು ಮುರಿಯಬೇಕು ಎಂಬುದು ಮೊದಲನೆಯದು. ಎರಡನೆಯದು ಹೆಚ್ಚು ವಿಚಿತ್ರ. ಎಸೆಸಿಕೊಂಡು ಖುಷಿಯಾಗಿ ತಾನೇ ನಕ್ಕ ದಿನ ಜನ ಕಡಿಮೆ ನಗುತ್ತಿದ್ದರು. ಮುಖ ಕಲ್ಲಿನ ಹಾಗಿಟ್ಟುಕೊಂಡ ದಿನ ಚಪ್ಪಾಳೆಯೋ ಚಪ್ಪಾಳೆ. ಮಗನ ತುಟಿ ಸ್ವಲ್ಪ ಅರಳಿದರೂ ಅಪ್ಪ ಪಿಸುಗುಟ್ಟಿ ಎಚ್ಚರಿಸುತ್ತಿದ್ದ. ಐದಾರು ವರ್ಷದ ಹುಡುಗನಿಗೆ ಹೀಗೆ ಬಂದ ಮುಖಭಾವ ಕೊನೆಯವರೆಗೂ ಉಳಿಯಿತು. ಅದನ್ನು ದುಃಖದ ಮುಖ ಎಂದು ಓದಿದವರು ಬಹಳ. ನೋಡುತ್ತ ಹೋದರೆ ಅದು ದುಃಖವಲ್ಲ, ಗಮನ. ಮುಂದಿನ ಗಳಿಗೆಯಲ್ಲಿ ಏನು ಎಲ್ಲಿಂದ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಿರುವವನ ಮುಖ.

ಕುಡಿತ ಹೆಚ್ಚಾದಂತೆ ಅಪ್ಪನ ಕೈಯ ಅಂದಾಜು ತಪ್ಪತೊಡಗಿತು. ಎಸೆಯುವವನ ಲೆಕ್ಕ ತಪ್ಪಿದರೆ ಎಸೆಸಿಕೊಳ್ಳುವವನ ಗತಿ ಏನು? 1917ರಲ್ಲಿ ಅಮ್ಮ ಮಗ ಸೇರಿ ತಂಡವನ್ನು ಮುಗಿಸಿದರು.

ಅದೇ ವರ್ಷ ನ್ಯೂಯಾರ್ಕಿನಲ್ಲಿ ರೋಸ್ಕೋ ಆರ್ಬಕಲ್‌ನ ಪರಿಚಯವಾಯಿತು. ದಢೂತಿ ಮೈಯ ಆರ್ಬಕಲ್ ಆಗ ಚಾಪ್ಲಿನ್‌ನಷ್ಟೇ ಹೆಸರು ಮಾಡಿದ್ದ ಮೂಕಿ ನಟ. ‘ದಿ ಬುಚರ್ ಬಾಯ್’ ಚಿತ್ರದ ಚಿತ್ರೀಕರಣ ನಡೆಯುತ್ತಿತ್ತು. ನೋಡಲು ಬಂದ ಕೀಟನ್‌ನನ್ನು ಒಂದು ದೃಶ್ಯಕ್ಕೆ ಎಳೆದುಕೊಂಡರು. ಅಂಗಡಿಗೆ ಬಂದ ಗಿರಾಕಿ ಜೋನಿಬೆಲ್ಲ ಕೊಳ್ಳಬೇಕು, ಅಷ್ಟೇ. ಗಿರಾಕಿ ಬಕೆಟ್ಟಿನೊಳಗೇ ಕಾಸು ಹಾಕಿ ಕೊಟ್ಟಿದ್ದಾನೆ. ಅದು ಗೊತ್ತಿಲ್ಲದ ಅಂಗಡಿಯವನು ಬೆಲ್ಲ ತುಂಬಿಸಿ, ಕಾಸೆಲ್ಲಿ ಎಂದು ಕೇಳಿ, ಕಾಸು ಹುಡುಕಲು ಬೆಲ್ಲವನ್ನು ಗಿರಾಕಿಯ ಟೋಪಿಗೇ ಸುರಿದುಕೊಳ್ಳುತ್ತಾನೆ. ಆಮೇಲೆ ಟೋಪಿ ತಲೆಗೆ ಅಂಟುತ್ತದೆ, ಚೆಲ್ಲಿದ ಬೆಲ್ಲಕ್ಕೆ ಕಾಲು ನೆಲಕ್ಕೆ ಅಂಟುತ್ತದೆ. ಕೆಲವೇ ನಿಮಿಷದ ಈ ದೃಶ್ಯದಲ್ಲಿ ಎಲ್ಲರೂ ಕೈಕಾಲು ಬೀಸಿ ಅಬ್ಬರಿಸುತ್ತಿದ್ದರೆ ಕೀಟನ್ ಒಬ್ಬನೇ ತನ್ನ ಕಾಲಿಗೆ ಏನಾಯಿತು ಎಂದು ಶಾಂತವಾಗಿ ಪರೀಕ್ಷಿಸುತ್ತಾನೆ. ಸಿನಿಮಾದಲ್ಲಿ ಅದು ಆತನ ಮೊದಲ ದಿನ.

ಆ ದಿನಗಳಲ್ಲೇ ಆತ ಕ್ಯಾಮೆರಾವನ್ನು ಕೇಳಿ ಪಡೆದು, ಬಿಚ್ಚಿ, ಒಳಗೆ ರೀಲು ಹೇಗೆ ಓಡುತ್ತದೆ ಎಂದು ನೋಡಿ ಮತ್ತೆ ಜೋಡಿಸಿದ. ರಂಗದ ಮೇಲೆ ವಾರಕ್ಕೆ 250 ಡಾಲರ್ ಕೊಡುವ ಕರಾರು ಕೈಯಲ್ಲಿತ್ತು. ಅದನ್ನು ಬಿಟ್ಟು ವಾರಕ್ಕೆ 40 ಡಾಲರಿನ ಸಿನಿಮಾ ಕೆಲಸಕ್ಕೆ ಸೇರಿಕೊಂಡ. ಮುಂದೆ ತನ್ನ ಗುರುತೇ ಆದ ಚಪ್ಪಟೆ ಟೋಪಿಯನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಸಾಮಾನ್ಯ ಫೆಲ್ಟ್ ಟೋಪಿಯ ನೆತ್ತಿ ಕತ್ತರಿಸಿ, ಅಂಚನ್ನು ಸಕ್ಕರೆ ನೀರಿನಲ್ಲಿ ನೆನೆಸಿ ಒಣಗಿಸಿದರೆ ಗಟ್ಟಿಯಾಗುತ್ತಿತ್ತು. ಒಂದು ಚಿತ್ರ ಮುಗಿಯುವುದರೊಳಗೆ ಇಂಥ ಹಲವು ಟೋಪಿಗಳು ನೀರು ಪಾಲೋ ಮಣ್ಣು ಪಾಲೋ ಆಗುತ್ತಿದ್ದವು.

ನಡುವೆ ಸೈನ್ಯಕ್ಕೆ ಕರೆ ಬಂದು ಫ್ರಾನ್ಸಿಗೆ ಹೋಗಿಬಂದ. ಯುದ್ಧ ಕಾಣಲಿಲ್ಲ, ಆದರೆ ಕಿವಿಗೆ ಸೋಂಕು ತಗಲಿ ಅರೆಕಿವುಡು ಶಾಶ್ವತವಾಗಿ ಉಳಿಯಿತು.

1920ರಲ್ಲಿ ನಿರ್ಮಾಪಕ ಜೋಸೆಫ್ ಶೆಂಕ್ ಕೀಟನ್‌ಗೆ ಅವನದೇ ಸ್ಟುಡಿಯೋ ಮಾಡಿಕೊಟ್ಟ. ಮೊದಲು ತೆರೆಕಂಡ ಚಿತ್ರ ಎರಡು ರೀಲಿನ ‘ಒನ್ ವೀಕ್’. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಮನೆಯೊಂದು ಬರುತ್ತದೆ, ಪೆಟ್ಟಿಗೆಗಳಲ್ಲಿ. ನಂಬರಿನ ಪ್ರಕಾರ ಜೋಡಿಸಿದರೆ ಮುಗಿಯಿತು. ಹೊಟ್ಟೆಕಿಚ್ಚಿನ ಹಳೆಯ ಪ್ರೇಮಿಯೊಬ್ಬ ಪೆಟ್ಟಿಗೆಗಳ ನಂಬರು ತಿದ್ದಿಬಿಟ್ಟಿದ್ದಾನೆ. ನಮ್ಮ ನಾಯಕ ತಿದ್ದಿದ ನಂಬರಿನ ಪ್ರಕಾರವೇ ಶ್ರದ್ಧೆಯಿಂದ ಕಟ್ಟುತ್ತಾನೆ. ಬಾಗಿಲು ಮೇಲಂತಸ್ತಿನಲ್ಲಿ, ಗೋಡೆ ಸೊಟ್ಟ. ಬಿರುಗಾಳಿಗೆ ಇಡೀ ಮನೆ ಬುಗುರಿಯಂತೆ ಗಿರಗಿರ ತಿರುಗುತ್ತದೆ. ಕಟ್ಟಿದ್ದು ಬೇರೆಯವರ ಸೈಟಿನಲ್ಲಿ ಎಂದು ಗೊತ್ತಾಗಿ ಮನೆಯನ್ನು ಎಳೆದುಕೊಂಡು ಹೊರಟರೆ ಅದು ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬಂತು. ಗಂಡಹೆಂಡತಿ ಕಣ್ಣು ಮುಚ್ಚಿಕೊಂಡರು. ರೈಲು ಪಕ್ಕದ ಹಳಿಯಲ್ಲಿ ಹಾದುಹೋಯಿತು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಚಿಂದಿ ಮಾಡಿತು. ಕೀಟನ್ ಅವಶೇಷಗಳ ಮೇಲೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ನೆಟ್ಟು, ಜೋಡಿಸುವ ವಿಧಾನದ ಕಾಗದವನ್ನೂ ಅದಕ್ಕೆ ಸಿಕ್ಕಿಸಿ, ಹೆಂಡತಿಯ ಕೈಹಿಡಿದು ಹೊರಡುತ್ತಾನೆ. ಮರುಕ ಬೇಡುವ ಒಂದು ನೋಟವೂ ಇಲ್ಲ. ಚಾಪ್ಲಿನ್ ಆಗಿದ್ದರೆ ಇಲ್ಲಿ ನಮ್ಮ ಕಣ್ಣು ಒದ್ದೆ ಮಾಡಿಸುತ್ತಿದ್ದ. ಅದು ಆತನ ದಾರಿ. ಕೀಟನ್‌ಗೆ ಕಾಗದ ಸಿಕ್ಕಿಸುವುದು ಮುಖ್ಯ.

ಈ ಸ್ಟುಡಿಯೋದಲ್ಲಿ ಬರೆದ ಚಿತ್ರಕತೆ ಎಂಬುದೇ ಇರುತ್ತಿರಲಿಲ್ಲ. ಕತೆಯ ಆರಂಭ ಮತ್ತು ಅಂತ್ಯ ಗೊತ್ತಾದರೆ ನಡುವಿನದು ತಾನಾಗಿ ಬರುತ್ತದೆ ಎಂಬ ಧೈರ್ಯ. ನಡುವೆ ಯೋಚನೆ ಕಟ್ಟಿತೋ, ಎಲ್ಲರೂ ಎದ್ದು ಬೇಸ್‌ಬಾಲ್ ಆಡಲು ಹೋಗುತ್ತಿದ್ದರು. ಕ್ಯಾಮೆರಾಮನ್ ಎಲ್ಜಿನ್ ಲೆಸ್ಲಿಯಂಥವರು ಜೊತೆಗಿದ್ದರು. 1921ರ ‘ದಿ ಪ್ಲೇಹೌಸ್’ ಚಿತ್ರದಲ್ಲಿ ರಂಗದ ಮೇಲೆ ಒಂಬತ್ತು ಕೀಟನ್‌ಗಳು ಸಾಲಾಗಿ ಕೂತು ಹಾಡಿ ಕುಣಿಯುತ್ತಾರೆ. ಕಂಪ್ಯೂಟರಿನ ಹೆಸರೇ ಇಲ್ಲದ ಕಾಲ. ಲೆನ್ಸಿನ ಮುಂದೆ ಕಿಂಡಿಗಳಿರುವ ಪೆಟ್ಟಿಗೆಯಿಟ್ಟು, ಒಂದು ಕಿಂಡಿ ಮಾತ್ರ ತೆರೆದು ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮುಂದಿನ ಕಿಂಡಿ ತೆರೆದು ಮತ್ತೆ ಚಿತ್ರಿಸಬೇಕು. ಹೀಗೆ ಒಂಬತ್ತು ಸಲ. ಲೆಸ್ಲಿ ಕೈಯಲ್ಲಿ ಹಿಡಿಕೆ ತಿರುಗಿಸುವ ವೇಗ ಒಂಬತ್ತು ಸಲವೂ ಒಂದೇ ಇರಬೇಕು, ಕೀಟನ್‌ನ ಹೆಜ್ಜೆ ತಾಳಕ್ಕೆ ಸರಿಯಾಗಿ ಬೀಳಬೇಕು. ಒಂದರಲ್ಲಿ ತಪ್ಪಿದರೆ ಒಂಬತ್ತೂ ವ್ಯರ್ಥ.

ಕೀಟನ್‌ನ ಹೆಸರು ಕೇಳದವರೂ ನೋಡಿರಬಹುದಾದ ದೃಶ್ಯ ಗೋಡೆ ಬೀಳುವುದು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’. ಚಂಡಮಾರುತಕ್ಕೆ ಸಿಕ್ಕ ಊರಿನ ಬೀದಿಯಲ್ಲಿ ನಾಯಕ ಕಕ್ಕಾಬಿಕ್ಕಿಯಾಗಿ ನಿಂತಿದ್ದಾನೆ. ಬೆನ್ನ ಹಿಂದಿನ ಎರಡಂತಸ್ತಿನ ಮನೆಯ ಮುಂಭಾಗದ ಗೋಡೆ ಇಡಿಯಾಗಿ ಆತನ ಮೇಲೆ ಬೀಳುತ್ತದೆ. ಮೇಲಂತಸ್ತಿನ ಕಿಟಕಿಯ ತೆರಪು ಸರಿಯಾಗಿ ಆತ ನಿಂತ ಜಾಗಕ್ಕೆ ಬಂದು, ಆತ ನಿಂತ ಹಾಗೇ ಉಳಿಯುತ್ತಾನೆ.

ಇದು ಒಂದೇ ದಿನದಲ್ಲಿ ಹೊಳೆದದ್ದಲ್ಲ. 1919ರಲ್ಲಿ ಆರ್ಬಕಲ್ ಜೊತೆ ಮಾಡಿದ ‘ಬ್ಯಾಕ್ ಸ್ಟೇಜ್’ ಚಿತ್ರದಲ್ಲಿ ನಾಟಕದ ಹಗುರವಾದ ಸೀನರಿ ಆರ್ಬಕಲ್ ಮೇಲೆ ಹೀಗೇ ಬೀಳುತ್ತದೆ. ‘ಒನ್ ವೀಕ್’ನಲ್ಲಿ ಮನೆಯ ಒಂದು ಗೋಡೆ ಕೀಟನ್ ಮೇಲೆ ಬೀಳುತ್ತದೆ. ಮೂರನೆಯ ಸಲಕ್ಕೆ ಗೋಡೆಯ ತೂಕ ಸುಮಾರು ಎರಡು ಟನ್ ಆಗಿತ್ತು. ಅಷ್ಟು ಭಾರ ಯಾಕೆ? ಚಂಡಮಾರುತ ತೋರಿಸಲು ವಿಮಾನದ ಎಂಜಿನ್ ಹೂಡಿದ ದೊಡ್ಡ ಗಾಳಿಯಂತ್ರಗಳನ್ನು ಬಿಟ್ಟಿದ್ದರು. ಹಗುರ ಗೋಡೆಯಾದರೆ ಆ ಗಾಳಿಗೆ ತಿರುಚಿಕೊಂಡು ಎಲ್ಲೆಲ್ಲೋ ಬೀಳುತ್ತದೆ, ಭಾರದ ಗೋಡೆ ಹೇಳಿದಲ್ಲೇ ಬೀಳುತ್ತದೆ. ಅಂದರೆ ಪ್ರಾಣ ತೆಗೆಯಬಲ್ಲ ಭಾರವೇ ಪ್ರಾಣ ಉಳಿಸುವ ಉಪಾಯವೂ ಆಗಿತ್ತು. ಗೋಡೆಯ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ, ಕೀಟನ್ ನಿಲ್ಲುವ ಜಾಗದ ಸುತ್ತ ಅಳತೆ ಹಿಡಿದು ಕಿಟಕಿ ಕಟ್ಟಿ, ಬುಡಕ್ಕೆ ಗಟ್ಟಿ ಕೀಲು ಹಾಕಿ, ಆಮೇಲೆ ಎತ್ತಿ ನಿಲ್ಲಿಸಿದರು. ತಲೆಗೂ ಭುಜಕ್ಕೂ ಉಳಿದದ್ದು ಎರಡು ಮೂರು ಅಂಗುಲ. ಕಾಲಿಡುವ ಜಾಗವನ್ನು ಗುರುತು ಮಾಡಿಕೊಂಡು ಆತ ನಿಂತ. ತಂಡದ ಕೆಲವರು ನೋಡಲಾಗದೆ ಮುಖ ತಿರುಗಿಸಿಕೊಂಡರು. ಎರಡನೆಯ ಟೇಕ್ ಇರುವ ಹಾಗಿರಲಿಲ್ಲ. ಗೋಡೆ ಬಿತ್ತು, ಒಂದೇ ಟೇಕ್. 1987ರಲ್ಲಿ ಹಾಂಗ್‌ಕಾಂಗಿನ ಜಾಕಿ ಚಾನ್ ‘ಪ್ರಾಜೆಕ್ಟ್ ಎ’ ಎರಡನೆಯ ಭಾಗದಲ್ಲಿ ಇದೇ ದೃಶ್ಯವನ್ನು ತಾನೂ ಮಾಡಿ ಗುರುದಕ್ಷಿಣೆ ಸಲ್ಲಿಸಿದ.

ಇಂಥದ್ದನ್ನೆಲ್ಲ ಹುಂಬ ಧೈರ್ಯ ಎಂದು ಹೊಗಳುವುದು ರೂಢಿ. ಅದು ಕೀಟನ್‌ಗೆ ಮಾಡುವ ಅನ್ಯಾಯ. ಆತನದು ಎಂಜಿನಿಯರನ ಬುದ್ಧಿ. 1927ರ ‘ಕಾಲೇಜ್’ ಚಿತ್ರದಲ್ಲಿ ಕೋಲೂರಿ ಹಾರಿ ಮೇಲಿನ ಕಿಟಕಿಯೊಳಗೆ ನುಗ್ಗುವ ಶಾಟ್ ಇದೆ. ಅದು ತನ್ನಿಂದಾಗದು ಎಂದು ತಿಳಿದು ಒಲಿಂಪಿಕ್ ಚಿನ್ನ ಗೆದ್ದಿದ್ದ ಲೀ ಬಾರ್ನ್ಸ್‌ನನ್ನು ಡ್ಯೂಪ್ ಆಗಿ ಕರೆಸಿದ. ‘ಶರ್ಲಾಕ್ ಜೂನಿಯರ್’ನಲ್ಲಿ ಇದಕ್ಕೆ ಉಲ್ಟಾ ನಡೆಯಿತು. ಸಹನಟ ಮೋಟಾರ್ ಸೈಕಲ್ಲಿನಿಂದ ಬೀಳಬೇಕಿತ್ತು. ಆತನ ವೇಷ ಹಾಕಿ ನಾಯಕನೇ ಬಿದ್ದ! ಸಹನಟನಿಗೆ ನಾಯಕ ಡ್ಯೂಪ್ ಆದ ಉದಾಹರಣೆ ನಮ್ಮ ಗಾಂಧಿನಗರದಲ್ಲೂ ಹುಡುಕಿದರೆ ಸಿಗಲಿಕ್ಕಿಲ್ಲ.

ಲೆಕ್ಕ ತಪ್ಪಿದ್ದೂ ಉಂಟು. ಅದೇ 1924ರ ‘ಶರ್ಲಾಕ್ ಜೂನಿಯರ್’ನಲ್ಲಿ ಓಡುವ ಗೂಡ್ಸ್ ರೈಲಿನ ಮೇಲಿಂದ ನೀರಿನ ತೊಟ್ಟಿಯ ಕೊಳವೆಗೆ ಜೋತುಬೀಳುವ ದೃಶ್ಯ. ನೀರಿನ ರಭಸ ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಕೆಳಗೆ ಅಪ್ಪಳಿಸಿ ಕತ್ತು ಹಳಿಗೆ ಬಡಿಯಿತು. ಕೆಲವು ದಿನ ವಿಪರೀತ ತಲೆನೋವು. ಆಮೇಲೆ ಮಾಮೂಲಿ ಕೆಲಸ. ಎಷ್ಟೋ ವರ್ಷದ ನಂತರ ಬೇರೇನೋ ಕಾರಣಕ್ಕೆ ಎಕ್ಸ್‌ರೇ ತೆಗೆದ ವೈದ್ಯರು, ನಿಮ್ಮ ಕತ್ತು ಮುರಿದದ್ದು ಯಾವಾಗ ಎಂದು ಕೇಳಿದಾಗಲೇ ಆತನಿಗೆ ವಿಷಯ ತಿಳಿದದ್ದು. ಬೀಳುವ ಆ ಶಾಟ್ ಚಿತ್ರದಲ್ಲಿ ಹಾಗೇ ಇದೆ. ಬಿದ್ದವನು ಎದ್ದು ಓಡುತ್ತಾನೆ.

ಮೇರುಕೃತಿ ಎಂದು ಎಲ್ಲರೂ ಒಪ್ಪುವುದು ‘ದಿ ಜನರಲ್’ ಚಿತ್ರವನ್ನು. 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಗೂಢಚಾರರು ದಕ್ಷಿಣದ ರೈಲು ಎಂಜಿನ್ ಕದ್ದು ಓಡಿದ ನಿಜಘಟನೆ ಇದರ ಮೂಲ. ಕೀಟನ್ ಎಂಜಿನ್ ಕಳೆದುಕೊಂಡ ಚಾಲಕನ ಪಾತ್ರ ಮಾಡಿದ. ಹಳೆಯ ಕಾಲದ ಹಳಿಗಳು ಉಳಿದಿದ್ದ ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿನಲ್ಲಿ 1926ರ ಬೇಸಿಗೆಯಿಡೀ ಚಿತ್ರೀಕರಣ ನಡೆಯಿತು.

ಒಂದು ಕಡೆ ಹಳಿಯ ಮೇಲೆ ಮರದ ದಿಮ್ಮಿ ಬಿದ್ದಿದೆ. ಎಂಜಿನ್ ಓಡುತ್ತಲೇ ಇದೆ. ಕೀಟನ್ ಎಂಜಿನ್ನಿನ ಮೂತಿಯ ಮೇಲೆ ಕೂತಿದ್ದಾನೆ, ಎದೆಗೆ ಅವಚಿದ ಇನ್ನೊಂದು ದಿಮ್ಮಿಯ ಭಾರಕ್ಕೆ ಏಳಲಾಗದೆ. ಎದುರಿನ ದಿಮ್ಮಿ ಹತ್ತಿರ ಬರುತ್ತಿದ್ದಂತೆ ಕೈಯಲ್ಲಿದ್ದುದನ್ನು ಅದರ ತುದಿಗೆ ಕುಕ್ಕುತ್ತಾನೆ. ಎರಡೂ ಚಿಮ್ಮಿ ಪಕ್ಕಕ್ಕೆ ಬೀಳುತ್ತವೆ. ಒಂದೇ ಪೆಟ್ಟಿಗೆ ಎರಡು ಸಮಸ್ಯೆ ಬಗೆಹರಿಯಿತು. ಕೂದಲೆಳೆಯಷ್ಟು ತಪ್ಪಿದ್ದರೆ ಎಂಜಿನ್ ಹಳಿ ತಪ್ಪುತ್ತಿತ್ತು. ಇನ್ನೊಂದು ಕಡೆ ಪ್ರೇಯಸಿ ತಿರಸ್ಕರಿಸಿದ ಬೇಸರದಲ್ಲಿ ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ತೋಳಿನ ಮೇಲೆ ಕೂರುತ್ತಾನೆ. ಎಂಜಿನ್ ಹೊರಡುತ್ತದೆ, ತೋಳಿನೊಂದಿಗೆ ಆತನೂ ಮೇಲೆ ಕೆಳಗೆ ಹೋಗುತ್ತ ಶೆಡ್ಡಿನೊಳಗೆ ಮರೆಯಾಗುತ್ತಾನೆ. ಚಕ್ರ ಹಳಿಯ ಮೇಲೆ ಜಾರಿ ಗಿರ್ರನೆ ತಿರುಗಿದ್ದರೆ ಕತೆ ಮುಗಿಯುತ್ತಿತ್ತು. ಉಗಿಯನ್ನು ಎಷ್ಟು ಮೆಲ್ಲಗೆ ಬಿಡಬೇಕು ಎಂಬುದು ಪೂರ್ತಿ ಎಂಜಿನ್ ಚಾಲಕನ ಕೈಯಲ್ಲಿತ್ತು.

ಉರಿಯುವ ಸೇತುವೆ ಕುಸಿದು ಎಂಜಿನ್ ನದಿಗೆ ಬೀಳುವ ದೃಶ್ಯಕ್ಕೆ ಮಾದರಿ ಗೊಂಬೆ ಬಳಸಲಿಲ್ಲ. ನಿಜವಾದ ಸೇತುವೆ ಕಟ್ಟಿ, ನಿಜವಾದ ಎಂಜಿನ್ ಹತ್ತಿಸಿ ಬೀಳಿಸಿದರು. ಆ ಒಂದು ಶಾಟಿಗೆ 42,000 ಡಾಲರ್ ಖರ್ಚಾಯಿತು. ಮೂಕಿ ಯುಗದ ಅತಿ ದುಬಾರಿ ಶಾಟ್ ಎಂದು ಅದನ್ನು ಈಗಲೂ ಹೇಳುತ್ತಾರೆ. ಎಂಜಿನ್ ನದಿಯಲ್ಲೇ ತುಕ್ಕು ಹಿಡಿಯುತ್ತ ಬಿದ್ದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಹೋಯಿತು.

ಚಿತ್ರ ನೆಲಕಚ್ಚಿತು. ವಿಮರ್ಶಕರಿಗೆ ಉದ್ದ ಎನಿಸಿತು, ಯುದ್ಧದಲ್ಲಿ ಹಾಸ್ಯವೇನು ಎಂದರು. ಶೆಂಕ್ ಹಣದ ಹಿಡಿತ ಬಿಗಿ ಮಾಡಿದ. 1928ರಲ್ಲಿ ಸ್ಟುಡಿಯೋ ಮುಚ್ಚಿ ಕೀಟನ್‌ನನ್ನು ದೈತ್ಯ ಕಂಪನಿಯಾದ ಎಂಜಿಎಂಗೆ ಒಪ್ಪಿಸಿದ. ಹೋಗಬೇಡ ಎಂದು ಚಾಪ್ಲಿನ್ ಹೇಳಿದ, ಇನ್ನೊಬ್ಬ ಮೂಕಿ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಹೇಳಿದ. ಕೀಟನ್ ಹೋದ. ಅದು ತನ್ನ ಬದುಕಿನ ಅತಿ ದೊಡ್ಡ ತಪ್ಪು ಎಂದು ಮುಂದೆ ತಾನೇ ಬರೆದುಕೊಂಡ.

ಟಾಕಿ ಬಂತು, ಮೂಕಿ ನಟ ಮುಳುಗಿದ ಎಂದು ಸಿನಿಮಾ ಇತಿಹಾಸವನ್ನು ಎರಡು ಸಾಲಿನಲ್ಲಿ ಹೇಳುವವರು ಹೇಳುತ್ತಾರೆ. ಅದು ಸುಳ್ಳು. ಕೀಟನ್‌ಗೆ ರಂಗದಲ್ಲಿ ಪಳಗಿದ ಗಡಸು ಕಂಠವಿತ್ತು, ಮಾತಿನ ಚಿತ್ರ ಮಾಡುವ ಆಸೆಯೂ ಇತ್ತು. ಎಂಜಿಎಂನ ಅವನ ಟಾಕಿಗಳು ‘ದಿ ಜನರಲ್’ಗಿಂತ ಚೆನ್ನಾಗಿಯೇ ಓಡಿದವು. ಹೊರದೇಶಗಳಿಗಾಗಿ ಉಚ್ಚಾರ ಉರುಹೊಡೆದು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮಾತಾಡಿ ನಟಿಸಿದ. ಕಳೆದುಹೋದದ್ದು ಕಾರ್ಖಾನೆ. ಹಳೆಯ ತಂಡ ಚದುರಿತು. ಪ್ರತಿ ಶಾಟಿಗೂ ಬರೆದ ಚಿತ್ರಕತೆ ಬೇಕು ಎಂದರು. ಬೆಲೆಬಾಳುವ ನಟ ಕೈಕಾಲು ಮುರಿದುಕೊಂಡರೆ ನಷ್ಟ ಎಂದು ಅಪಾಯದ ಸಾಹಸಗಳಿಗೆ ತಡೆ ಹಾಕಿದರು. ವಾಚಾಳಿ ನಟ ಜಿಮ್ಮಿ ಡುರಾಂಟೆಯನ್ನು ಜೋಡಿ ಮಾಡಿ, ಪಕ್ಕದಲ್ಲಿ ಪೆದ್ದನಂತೆ ನಿಲ್ಲಿಸಿದರು. ಮೈಯಿಂದ ಯೋಚಿಸುವವನಿಗೆ ಕಾಗದ ಕೊಟ್ಟು ಕೂರಿಸಿದ ಹಾಗಾಯಿತು.

ಮುಂದಿನದು ಬೇಗ ಹೇಳಿ ಮುಗಿಸುವಂಥದ್ದು. ಅಪ್ಪನ ಕುಡಿತ ಮಗನಿಗೂ ಬಂತು. 1932ರಲ್ಲಿ ಹೆಂಡತಿ ನಟಾಲಿ ಟಾಲ್ಮಡ್ಜ್ ವಿಚ್ಛೇದನ ಪಡೆದಳು, ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದೂ ಹೋಯಿತು. 1933ರಲ್ಲಿ ಎಂಜಿಎಂ ಕೆಲಸದಿಂದ ತೆಗೆದುಹಾಕಿತು. ಎರಡನೆಯ ಮದುವೆ ಕುಡಿತದ ಮಂಪರಿನಲ್ಲೇ ಆಗಿ ಮುರಿಯಿತು. ಅಗ್ಗದ ಕಿರುಚಿತ್ರಗಳು, ಆಸ್ಪತ್ರೆ, ಮತ್ತೆ ಕಿರುಚಿತ್ರಗಳು.

ಬಿದ್ದಲ್ಲೇ ಬಿದ್ದಿರುವುದು ಆತನಿಗೆ ಗೊತ್ತಿರಲಿಲ್ಲ. 1940ರಲ್ಲಿ ಎಂಜಿಎಂನ ನರ್ತಕಿ ಎಲೀನರ್ ನಾರಿಸ್‌ಳನ್ನು ಮದುವೆಯಾದ. ಆತನಿಗೆ 44, ಆಕೆಗೆ 21. ಆರು ತಿಂಗಳೂ ಬಾಳದು ಎಂದು ಮಾತಾಡಿಕೊಂಡ ಸಂಬಂಧ ಆತ ಸಾಯುವವರೆಗೆ ಬಾಳಿತು. ತೆಗೆದುಹಾಕಿದ ಅದೇ ಕಂಪನಿಯಲ್ಲಿ ಬೇರೆ ನಟರಿಗೆ ಹಾಸ್ಯಪ್ರಸಂಗ ಹೊಂದಿಸಿಕೊಡುವ ಕೆಲಸಕ್ಕೆ, ಹಿಂದಿನ ಸಂಬಳದ ಒಂದು ಚೂರಿಗೆ, ಸೇರಿಕೊಂಡ. 1947ರಲ್ಲಿ ಪ್ಯಾರಿಸ್ಸಿನ ಮೆಡ್ರಾನೋ ಸರ್ಕಸ್ಸು ಕರೆಯಿತು. 50 ದಾಟಿದ ವಯಸ್ಸಿನಲ್ಲಿ ಮತ್ತೆ ಜನರೆದುರು ಬಿದ್ದ. 1949ರಲ್ಲಿ ಜೇಮ್ಸ್ ಏಜಿ ಎಂಬ ಲೇಖಕ ‘ಲೈಫ್’ ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ದೀರ್ಘ ಲೇಖನ ಬರೆದು ಮರೆತ ಹೆಸರನ್ನು ಮತ್ತೆ ಎತ್ತಿದ. 1952ರ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ ಮತ್ತು ಕೀಟನ್ ಒಟ್ಟಿಗೆ ಕಾಣಿಸಿಕೊಂಡರು. ಚಾಪ್ಲಿನ್ ಪಿಟೀಲು, ಕೀಟನ್ ಪಿಯಾನೋ. ಹಳೆಯ ಚಿತ್ರಗಳ ಪ್ರತಿಗಳು ಹಲವು ನಾಶವಾಗಿದ್ದವು. ಆದರೆ ಕೀಟನ್ ಒಂದು ಕಾಲಕ್ಕೆ ಕಟ್ಟಿಸಿದ್ದ ಬಂಗಲೆಯನ್ನು ಕೊಂಡಿದ್ದ ನಟ ಜೇಮ್ಸ್ ಮೇಸನ್‌ಗೆ ಅಲ್ಲೇ ಬೀಗ ಹಾಕಿದ್ದ ಕೋಣೆಯಲ್ಲಿ ರೀಲುಗಳು ಸಿಕ್ಕವು. ರೇಮಂಡ್ ರೋಹಾವರ್ ಎಂಬ ಪ್ರದರ್ಶಕ ಹಳೆಯ ಚಿತ್ರಗಳನ್ನೆಲ್ಲ ಒಟ್ಟುಮಾಡಿ ಮತ್ತೆ ತೆರೆಗೆ ತಂದ. 1960ರಲ್ಲಿ ಗೌರವ ಆಸ್ಕರ್ ಬಂತು.

ಕೊನೆಯ ವರ್ಷಗಳ ಕೆಲಸಗಳಲ್ಲಿ ತಮಾಷೆಯಾದದ್ದು 1964ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ‘ಫಿಲ್ಮ್’. ಬರೆದವನು ನಾಟಕಕಾರ ಸ್ಯಾಮುಯೆಲ್ ಬೆಕೆಟ್. ಮುಖಕ್ಕೇ ಹೆಸರಾದ ನಟನನ್ನು ಹಾಕಿಕೊಂಡು ಹೆಚ್ಚುಕಡಿಮೆ ಕೊನೆಯವರೆಗೂ ಬೆನ್ನನ್ನೇ ತೋರಿಸುವ ಚಿತ್ರ ಅದು. ಕತೆಯ ತಲೆಬುಡ ತನಗೆ ತಿಳಿಯಲಿಲ್ಲ ಎಂದು ಕೀಟನ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಆದರೂ ಹೇಳಿದ್ದನ್ನು ಹೇಳಿದಂತೆ ಮಾಡಿದ. ತನ್ನದೇ ಚಪ್ಪಟೆ ಟೋಪಿ ಹಾಕಿಕೊಳ್ಳಲು ಮಾತ್ರ ಒಪ್ಪಿಗೆ ಕೇಳಿದ. 1965ರ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ಫೆಬ್ರವರಿ 1ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಕೀಟನ್ ತೀರಿಕೊಂಡ. ವಯಸ್ಸು 70.

ನಮ್ಮಲ್ಲಿ ಚಾಪ್ಲಿನ್ ಗೊತ್ತಿಲ್ಲದ ಮನೆಯಿಲ್ಲ, ಕೀಟನ್ ಗೊತ್ತಿರುವ ಮನೆ ಅಪರೂಪ. ಇದಕ್ಕೀಗ ನೆಪ ಹೇಳುವ ಹಾಗಿಲ್ಲ. 1920ರ ದಶಕದ ಆತನ ಮುಖ್ಯ ಚಿತ್ರಗಳೆಲ್ಲ ಅಮೆರಿಕದಲ್ಲಿ ಹಕ್ಕುಸ್ವಾಮ್ಯದ ಹಂಗು ಕಳೆದುಕೊಂಡಿವೆ, ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ನಡುನಡುವೆ ಬರುವ ನಾಲ್ಕಾರು ಬರಹದ ಫಲಕ ಬಿಟ್ಟರೆ ಭಾಷೆಯ ತೊಡಕಿಲ್ಲ. ನೇರವಾಗಿ ‘ದಿ ಜನರಲ್’ಗೆ ಹೋಗಬೇಡಿ. ಮೊದಲು ಇಪ್ಪತ್ತು ಇಪ್ಪತ್ತೈದು ನಿಮಿಷದ ‘ಒನ್ ವೀಕ್’, ಆಮೇಲೆ ಮುಕ್ಕಾಲು ಗಂಟೆಯ ‘ಶರ್ಲಾಕ್ ಜೂನಿಯರ್’. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬೀಳುವುದನ್ನು ಮನೆಯ ಸೋಫಾದ ಮೇಲೆ ಪ್ರಯೋಗ ಮಾಡದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.